ಮೂರು ಗಂಟೆಗೆ ಗುಹೆಯಲ್ಲಿ

ಅಕ್ಕ ಸ್ಪೂನನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ಹೋದಳು. ಬಟ್ಟಲಿನಲ್ಲಿ ಅರ್ಧ ಸೂಪು ಹಾಗೇ ಉಳಿದಿತ್ತು. ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ಪಕ್ಕದ ಮೇಜಿನವರು ತಲೆಯೆತ್ತಿದರು. ಅವಳು ಯಾರನ್ನೂ ನೋಡದೆ ಹಲಗೆಯ ಮೆಟ್ಟಿಲಿಳಿದು, ಹೋಟೆಲು ಮಾಡಿದ ಆ ಹಡಗಿನ ಹೊಟ್ಟೆಯಿಂದ ಹೊರಗಿನ ಬಿಸಿಲಿಗೆ ನಡೆದೇಬಿಟ್ಟಳು.

"ಎಲ್ಲಿಗೆ ಹೊರಟ್ಲು ಇವಳು?" ಎಂದರು ಭಾವ. ಬಾಯಿ ತುಂಬ ಬ್ರೆಡ್ಡಿತ್ತು.

"ಕಿಟಕೀಲಿ ಕರಡಿ ಕಿವಿ ಕಾಣಿಸ್ತು," ಎಂದಳು ವಕೀಲಮ್ಮ. ಅಕ್ಕ-ಭಾವನ ಮಗಳು, ಒಂಬತ್ತು ವರ್ಷ. ವಾದ ಮಾಡದೆ ಹಾಲು ಕೂಡ ಕುಡಿಯುವವಳಲ್ಲ, ಹಾಗಾಗಿ ಆ ಹೆಸರು. "ನಾನೂ ನೋಡ್ದೆ. ಆದ್ರೆ ಅಮ್ಮ ಹೀಗೆ ಎದ್ದು ಹೋಗೋ ಹಾಗಿಲ್ಲ. ಹಡಗಲ್ಲಿ ಮೊದ್ಲು ಸೂಪು, ಆಮೇಲೆ ಮೀನು, ಮೀನು ಮುಗಿದ್ಮೇಲೇ ಏಳೋದು. ಪ್ರತಿ ವರ್ಷ ಹಾಗೇ ತಾನೆ?"

"ನೀನು ಕೂತ್ಕೊಂಡು ತಿನ್ನು. ನಾನು ಕರ್ಕೊಂಡು ಬರ್ತೀನಿ," ಎಂದು ಎದ್ದೆ.

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತಾಗಿತ್ತು. ಮೂರಕ್ಕೆ ಸರಿಯಾಗಿ ಅಕ್ಕನನ್ನು ಗುಹೆ ಎಂಬ ಇನ್ನೊಂದು ಹೋಟೆಲಿನ ಮೇಜಿನ ಮುಂದೆ ಕೂರಿಸಬೇಕಾಗಿತ್ತು. ಅಲ್ಲಿಯವರೆಗೆ ಅವಳು ಸಿಟ್ಟು ಮಾಡಿಕೊಂಡು ಮನೆಗೆ ಹೊರಡದಂತೆ ನೋಡಿಕೊಳ್ಳಬೇಕಾಗಿತ್ತು. ಯಾಕೆ ಎಂಬುದು ನಮ್ಮ ಮನೆಯಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು.

ನಾವು ದೊಡ್ಡವರು ಮೂವರೂ ಹೋಟೆಲು, ಮಕ್ಕಳ ಪಾರ್ಕು ಎರಡೂ ಇರುವ ಈ ರೆಸಾರ್ಟಿನಲ್ಲೇ ಕೆಲಸ ಮಾಡುವವರು. ಭಾವ ಲಾಂಡ್ರಿಯಲ್ಲಿ. ನಾನು ಹೋಟೆಲುಗಳಿಂದ ಪಾರ್ಕಿನ ಬಾಗಿಲಿಗೆ, ಬಾಗಿಲಿನಿಂದ ಹೋಟೆಲುಗಳಿಗೆ ಬಸ್ಸು ಓಡಿಸುತ್ತೇನೆ. ದಿನಕ್ಕೆ ನಲವತ್ತು ಸುತ್ತು, ಸಂಜೆ ನೋಡಿದರೆ ಹೊರಟಲ್ಲೇ ಇರುತ್ತೇನೆ. ಅಕ್ಕ ಕರಡಿ. ನೀಲಿ ಕೋಟು ತೊಟ್ಟು ರಸ್ತೆಯಲ್ಲಿ ಕುಣಿಯುವ, ಮಕ್ಕಳನ್ನು ತಬ್ಬಿಕೊಳ್ಳುವ, ಫೋಟೋಗೆ ನಿಲ್ಲುವ ಆ ದೊಡ್ಡ ಕರಡಿ ವೇಷದೊಳಗೆ ಹನ್ನೊಂದು ವರ್ಷದಿಂದ ಇದ್ದವಳು ಅವಳು. ಹೊರಗಿನವರಿಗೆ ಹೇಳುವಂತಿಲ್ಲ. ವಕೀಲಮ್ಮ ಶಾಲೆಯಲ್ಲಿ ಕೂಡ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ. ಅವಳ ಮಟ್ಟಿಗೆ ಅದು ಸಣ್ಣ ತಪಸ್ಸಲ್ಲ.

ವರ್ಷಕ್ಕೊಂದು ದಿನ ಕೆಲಸಗಾರರು ಮನೆಮಂದಿಯನ್ನು ಕರೆದುಕೊಂಡು ಬಂದು ಎಲ್ಲಿ ಬೇಕಾದರೂ ತಿನ್ನಬಹುದು. ನಾವು ನಾಲ್ಕು ಜನ, ನಾಲ್ಕು ಜಾಗ. ಒಬ್ಬೊಬ್ಬರದು ಒಂದೊಂದು. ಒಬ್ಬರು ಆರಿಸಿದ ಜಾಗದ ಬಗ್ಗೆ ಇನ್ನೊಬ್ಬರು ಚಕಾರ ಎತ್ತುವಂತಿಲ್ಲ. ಭಾವನದು ಕೊಳದ ಮೇಲಿನ ಹಡಗು. ಅಲ್ಲಿನ ಮೇಜುಬಟ್ಟೆಗಳನ್ನು ಇಸ್ತ್ರಿ ಮಾಡುವವರೇ ಅವರು. ಕೂತ ಕೂಡಲೇ ಅಂಚನ್ನು ಬೆರಳಲ್ಲಿ ಹೊಸಕಿ, ಯಾವ ಪಾಳಿಯವರ ಕೈಕೆಲಸ ಎಂದು ಹೇಳಿ, ಆಮೇಲೆ ಮೆನು ತೆಗೆಯುತ್ತಾರೆ. ನನ್ನದು ಬಸ್‌ಸ್ಟಾಪಿನ ಪಕ್ಕದ ಸ್ಯಾಂಡ್‌ವಿಚ್ ಕಿಟಕಿ, ನಿಂತೇ ತಿನ್ನುವುದು. ಅಕ್ಕನದು ಮರದ ಮನೆ. ವಕೀಲಮ್ಮನದು ಗುಹೆ, ಯಾಕೆಂದರೆ ಅಲ್ಲಿ ಮೂರು ಗಂಟೆಗೆ ಕರಡಿ ಮೇಜಿನಿಂದ ಮೇಜಿಗೆ ಬರುತ್ತದೆ. ವರ್ಷದಲ್ಲಿ ಆ ದಿನ ಮಾತ್ರ ಕರಡಿಯೊಳಗೆ ಬೇರೆಯವರು ಇರುತ್ತಿದ್ದರು, ಅಮ್ಮ ಪಕ್ಕದಲ್ಲಿ ಕೂತು ನಗುತ್ತಿದ್ದಳು.

ಈ ವರ್ಷ ಹಾಗಲ್ಲ. ಮೂರು ತಿಂಗಳಿಂದ ದಿನವೂ ಬೇರೆಯವರೇ ಇದ್ದರು.

ಅಕ್ಕ ಸೇತುವೆಯ ಕಂಬಿಗೊರಗಿ ನಿಂತಿದ್ದಳು. ಆಚೆ ದಡದಲ್ಲಿ ಕರಡಿ ಮಕ್ಕಳ ನಡುವೆ ಕೈ ಬೀಸುತ್ತಿತ್ತು.

"ನೋಡೋ, ನೋಡು," ಎಂದಳು, ನಾನು ಹತ್ತಿರ ಹೋಗುವ ಮೊದಲೇ. "ಮಣಿಕಟ್ಟಿಂದ ಬೀಸ್ತಾಳೆ. ನೊಣ ಓಡಿಸೋ ಹಾಗೆ. ಕರಡಿಗೆ ಮಣಿಕಟ್ಟೆಲ್ಲಿದೆ? ಭುಜದಿಂದ ಬರ್ಬೇಕು ಅದು, ಭುಜದಿಂದ." ಸ್ಪೂನು ಹಿಡಿದ ಕೈಯನ್ನು ಭುಜದಿಂದ ಎತ್ತಿ ತೋರಿಸಿದಳು. ಎದುರಿಗೆ ಬರುತ್ತಿದ್ದ ಒಬ್ಬ ಹೆಂಗಸು ತನಗೇ ಎಂದುಕೊಂಡು ವಾಪಸು ಕೈ ಬೀಸಿದಳು.

"ಸೂಪು ಆರೋಗ್ತಾ ಇದೆ, ಬಾ."

"ಯಾರೋ ಅವಳು?"

"ನೃತ್ಯ ತಂಡದವಳಂತೆ. ಹೊಸಬಳು."

"ಅದಕ್ಕೇ. ಕಾಲು ಚೆನ್ನಾಗಿದೆ. ಹೊಟ್ಟೇನೇ ಇಲ್ಲ. ಒಂದ್ಸಲಾನೂ ಹೊಟ್ಟೆ ಮುಟ್ಟಿ ನೋಡ್ಕೊಳ್ಳಲಿಲ್ಲ. ಇಷ್ಟು ದಪ್ಪ ಪ್ರಾಣಿ, ತನ್ನ ಹೊಟ್ಟೆ ನೆನಪೇ ಇಲ್ಲದ ಹಾಗೆ ಓಡಾಡುತ್ತಾ?"

ನಾನು ಬೇಕೆಂದೇ ಅವಳ ಎಡಗಡೆಗೆ ಹೋಗಿ ನಿಂತು "ಅಕ್ಕಾ" ಎಂದೆ. ಅವಳು ತಿರುಗಿದಳು, ಪಾದದಿಂದ, ಇಡೀ ಮೈ ಸಮೇತ, ಬೀರು ತಿರುಗಿಸಿದ ಹಾಗೆ.

ಇದೇ ನಮಗೆ ಬಗೆಹರಿಯದ ವಿಷಯವಾಗಿತ್ತು. ಚಳಿಗಾಲದ ಕೊನೆಯಲ್ಲಿ ಒಂದು ದಿನ ಮಕ್ಕಳ ದಂಡೊಂದು ಹಿಂದಿನಿಂದ ಬಂದು ಕರಡಿಯ ಕುತ್ತಿಗೆಗೆ ಜೋತುಬಿದ್ದಿತ್ತು. ಕರಡಿಯ ತಲೆಯ ತೂಕ ನಾಲ್ಕೂವರೆ ಕಿಲೋ. ಅಕ್ಕ ಬಿದ್ದಳು, ಎದ್ದಳು, ಕೈ ಬೀಸಿದಳು, ಪಾಳಿ ಮುಗಿಸಿದಳು. ಮರುದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಈಗ ನೋವಿಲ್ಲ ಎನ್ನುತ್ತಾಳೆ. ಆದರೆ ಅವಳು ಪಕ್ಕಕ್ಕೆ ನೋಡುವುದು ಹೀಗೆಯೇ, ಮೈ ತಿರುಗಿಸಿ. ನೋವಿಗೆ ಹಾಗೆ ಮಾಡುತ್ತಾಳೆ ಎನ್ನೋಣವೆಂದರೆ, ಬೀಳುವ ಮೊದಲೂ ಹಾಗೇ ಮಾಡುತ್ತಿದ್ದಳಲ್ಲ. ಕರಡಿಯ ಕಣ್ಣಿನಿಂದ ಏನೂ ಕಾಣುವುದಿಲ್ಲ, ಒಳಗಿದ್ದವರು ನೋಡಬೇಕಾದದ್ದು ಬಾಯಿಯ ಜಾಲರಿಯಿಂದ. ಪಕ್ಕ ನೋಡಬೇಕೆಂದರೆ ಪೂರ್ತಿ ತಿರುಗಬೇಕು. ಹನ್ನೊಂದು ವರ್ಷ ಹಾಗೆ ತಿರುಗಿ ತಿರುಗಿ, ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೂ ಹಾಗೇ ತಿರುಗುತ್ತಾಳೆ. ಡಾಕ್ಟರು ಕೂಡ ಎರಡು ಸಲ ಪರೀಕ್ಷೆ ಮಾಡಿ, ಎರಡು ಸಲವೂ ತಲೆ ಕೆರೆದುಕೊಂಡು, ಕೊನೆಗೆ "ಭಾರ ಹೊರುವಂತಿಲ್ಲ" ಎಂದು ಬರೆದುಕೊಟ್ಟರು.

"ಯಾಕೋ ಹಾಗೆ ಗುರಾಯಿಸ್ತೀಯ?" ಎಂದಳು.

"ಏನಿಲ್ಲ. ಬಾ, ಮೀನು ಬಂದಿರುತ್ತೆ."

"ನಂಗೆ ಮೀನು ಬೇಡ. ಅವಳ ಪಾಳಿ ಮುಗೀತು ನೋಡು, ಒಳಗೆ ಹೋಗ್ತಾಳೆ. ಮುಂದಿನದು ಬಸ್‌ಸ್ಟಾಪಿನ ಹತ್ರ ಶುರು, ಇಪ್ಪತ್ತು ನಿಮಿಷಕ್ಕೆ. ನಿನ್ನ ಸ್ಯಾಂಡ್‌ವಿಚ್ ಕಿಟಕಿಗೆ ಹೋಗೋಣ."

"ಇನ್ನೂ ಹನ್ನೊಂದೂವರೆ ಆಗಿದೆ ಕಣೇ!"

ಅವಳಾಗಲೇ ಸೇತುವೆ ದಾಟಿದ್ದಳು.

ನಾನು ಹಡಗಿಗೆ ಓಡಿ ಭಾವನಿಗೂ ವಕೀಲಮ್ಮನಿಗೂ ಸುದ್ದಿ ಮುಟ್ಟಿಸಿದೆ. ಭಾವ ಹುರಿದ ಮೀನನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿಕೊಂಡರು. ಬಟ್ಟೆಯದರಲ್ಲಿ ಸುತ್ತಲು ಅವರಿಗೆ ಮನಸ್ಸು ಬರಲಿಲ್ಲ. "ಈ ಎಣ್ಣೆ ಕಲೆ ಹೋಗ್ಬೇಕಾದ್ರೆ ಎಷ್ಟು ಕಷ್ಟ ಗೊತ್ತಾ?" ಎಂದು ಪರಿಚಾರಕನಿಗೆ ಹೇಳಿ, ಅವನು ಯಾಕಿದೆಲ್ಲ ಎಂದು ಕಣ್ಣುಕಣ್ಣು ಬಿಡುತ್ತಿರುವಾಗಲೇ ನಮ್ಮ ಹಿಂದೆ ಹೊರಟರು.

"ಇದು ಅನ್ಯಾಯ," ಎಂದು ದಾರಿಯುದ್ದಕ್ಕೂ ವಕೀಲಮ್ಮ. "ಅಪ್ಪನ ಜಾಗದಲ್ಲಿ ಅಪ್ಪ ಏಳೋಣ ಅನ್ನೋವರೆಗೂ ಯಾರೂ ಏಳ್ಬಾರ್ದು ಅಂತ ನಾವೇ ಮಾಡಿಕೊಂಡಿದ್ದು. ನಾಳೆ ನನ್ನ ಗುಹೇಲೂ ಹೀಗೇ ಎದ್ದೋದ್ರೆ?"

"ನಾಳೆ ಅಲ್ಲಮ್ಮ, ಇವತ್ತೇ," ಎಂದರು ಭಾವ.

"ನೋಡಿ, ಇನ್ನೂ ಕೆಟ್ಟದ್ದು!"

ಸ್ಯಾಂಡ್‌ವಿಚ್ ಕಿಟಕಿಯ ಮುಂದೆ ಅಕ್ಕ ಒಂದು ಕಾಲ ಮೇಲೆ ಇನ್ನೊಂದು ಕಾಲ ಮೇಲೆ ಭಾರ ಹಾಕುತ್ತ ನಿಂತಿದ್ದಳು. ನಾನು ನಾಲ್ಕು ಸ್ಯಾಂಡ್‌ವಿಚ್ ಹೇಳಿದೆ. ಕಿಟಕಿಯವನು ನನ್ನನ್ನು ನೋಡಿ, "ಏನಣ್ಣ, ರಜಾ ದಿನಾನೂ ಸ್ಟೇರಿಂಗ್ ಹಿಡಿದವನ ಹಾಗೆ ನಿಂತಿದ್ದೀಯ?" ಎಂದ. ನೋಡಿಕೊಂಡರೆ ಹೌದು, ಎರಡೂ ಕೈ ಎದೆಮಟ್ಟಕ್ಕೆ ಎತ್ತಿಕೊಂಡಿದ್ದೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಕೆಲಸ ಮೈಗೆ ಹತ್ತಿಬಿಟ್ಟಿದೆ. ಆದರೆ ನನ್ನ ಕೈಯಿಂದ ಯಾರಿಗೂ ತೊಂದರೆಯಿಲ್ಲ. ಅಕ್ಕನ ಕಥೆ ಬೇರೆ. ಅವಳಿಗೆ ಹತ್ತಿದ್ದು ಮುಖಕ್ಕೆ.

ಕುತ್ತಿಗೆ ಸರಿಹೋಗುವವರೆಗೆ ಎಂದು ಅವಳನ್ನು ಪ್ಯಾನ್‌ಕೇಕ್ ಕೌಂಟರಿನಲ್ಲಿ ನಿಲ್ಲಿಸಿದ್ದರು. ಎರಡೇ ವಾರದಲ್ಲಿ ಏಳು ದೂರು ಬಂದವು. "ಕೌಂಟರಿನ ಹೆಂಗಸು ನನ್ನನ್ನು ಅಣಕಿಸಿದಳು," ಎಂದು ಒಬ್ಬರು. "ನನ್ನ ಗಂಡನಿಗೆ ನಾಲಿಗೆ ಚಾಚಿದಳು," ಎಂದು ಇನ್ನೊಬ್ಬರು. "ನಾನು ಮಾತಾಡುತ್ತಿರುವಾಗ ಕಣ್ಣು ಮೇಲೆ ಮಾಡಿ ಬಾಯಿ ಸೊಟ್ಟ ಮಾಡಿದಳು," ಎಂದು ಮತ್ತೊಬ್ಬರು. ಅಕ್ಕ ಹೌಹಾರಿದಳು. "ನಾನಾ? ನಾನು ಯಾವಾಗ ಹಾಗೆ ಮಾಡ್ದೆ?" ಎಂದಳು, ಹಾಗೆ ಹೇಳುವಾಗಲೂ ಹುಬ್ಬು ಹಣೆಯ ಅರ್ಧಕ್ಕೆ ಹೋಗಿತ್ತು, ಕೆಳದುಟಿ ಜೋತುಬಿದ್ದಿತ್ತು. ತನ್ನ ಮುಖ ಬೇರೆಯವರಿಗೆ ಕಾಣುತ್ತದೆ ಎಂಬ ಮಾತೇ ಅವಳಿಗೆ ಮರೆತುಹೋಗಿತ್ತು. ದಿನಕ್ಕೆ ಆರು ಪಾಳಿ, ಹನ್ನೊಂದು ವರ್ಷ, ಜನರ ನಡುವೆಯೇ ಇದ್ದು ಯಾರಿಗೂ ಕಾಣದೆ ಇದ್ದ ಮುಖ ಅದು. ಅದಕ್ಕೆ ಕಡಿವಾಣ ಹಾಕಿ ಗೊತ್ತಿರಲಿಲ್ಲ.

ಕೌಂಟರಿನಿಂದಲೂ ತೆಗೆದರು. ಮನೆಯಲ್ಲಿ ಕೂತಳು. ಕೂತಳು ಅನ್ನುವುದೂ ತಪ್ಪು; ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಕೋಣೆಯಿಂದ ಕೋಣೆಗೆ ತಿರುಗಿದಳು. ಒಂದು ದಿನ ಭಾವ ನನ್ನ ಬಸ್ಸು ಹತ್ತಿ, ಇಳಿಯದೆ ಮೂರು ಸುತ್ತು ಕೂತು, ಕೊನೆಗೆ ಹೇಳಿದರು: "ಮೂರು ದಿಂಬು ಇಟ್ಕೊಂಡು ಕೂತೇ ನಿದ್ದೆ ಮಾಡ್ತಾಳಯ್ಯ. ಕೇಳಿದ್ರೆ ಹಾಗೇ ಚೆನ್ನಾಗಿದೆ ಅಂತಾಳೆ. ನಂಗೇನು ತೋಚ್ತಾ ಇಲ್ಲ."

ಆಮೇಲೆ ನಾನು ಸ್ಟಾಪ್‌ವಾಚ್ ಹತ್ತಿರ ಹೋದೆ. ವೇಷದವರ ಮೇಲ್ವಿಚಾರಕರು ಅವರು. ಯಾರೂ ವೇಷದೊಳಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಇರಬಾರದೆಂದು ಕತ್ತಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು ಓಡಾಡುತ್ತಾರೆ, ಒಳ್ಳೆಯ ಮನುಷ್ಯ. ನಾನೇ ಹೇಳಿದೆ: ಅವಳಷ್ಟು ಚೆನ್ನಾಗಿ ಕರಡಿಯನ್ನು ಬಲ್ಲವರು ಯಾರಿದ್ದಾರೆ, ಹೊಸಬರಿಗೆ ಕಲಿಸಲಿ. ತಲೆ ಹೊರುವುದು ಬೇಡ, ಗಿರಾಕಿಗಳ ಮುಂದೆ ನಿಲ್ಲುವುದೂ ಬೇಡ. ಅವರು ಎರಡು ವಾರ ತೆಗೆದುಕೊಂಡರು. ಆಮೇಲೆ ಬಸ್ಸಿನ ಕಿಟಕಿಗೆ ಬಂದು, "ಆಯ್ತು. ಮನೆಯವರ ದಿನ ಗುಹೇಲಿ ಸಿಕ್ತೀರಲ್ಲ? ಮೂರು ಗಂಟೆಗೆ ನಾನೇ ಹೇಳ್ತೀನಿ, ನೀವು ಮೊದ್ಲೇ ಹೇಳ್ಬೇಡಿ," ಎಂದರು.

ಆ ದಿನ ನನ್ನ ಬಸ್ಸು ನೆಲದ ಮೇಲೆ ಓಡಲಿಲ್ಲ. ಈಗ ಮತ್ತೆ ಮತ್ತೆ ಗಡಿಯಾರ ನೋಡಿಕೊಳ್ಳುತ್ತಿದ್ದೆ.

ಕರಡಿ ಬಂತು. ಅಕ್ಕ ಸ್ಯಾಂಡ್‌ವಿಚ್ಚನ್ನು ಭಾವನ ಕೈಗೆ ಕೊಟ್ಟು ಎರಡು ಹೆಜ್ಜೆ ಮುಂದೆ ಹೋದಳು. ಭಾವನ ಒಂದು ಕೈಯಲ್ಲಿ ಮೀನು, ಇನ್ನೊಂದರಲ್ಲಿ ಎರಡು ಸ್ಯಾಂಡ್‌ವಿಚ್ಚು. ಕರಡಿ ಒಂದು ಮಗುವನ್ನು ತಬ್ಬಿತು, ಬಿಟ್ಟಿತು.

"ಬಿಟ್ಲು," ಎಂದಳು ಅಕ್ಕ. "ಅವಳೇ ಮೊದ್ಲು ಬಿಟ್ಲು. ಮಗು ಬಿಡೋವರೆಗೂ ಬಿಡಬಾರದು. ಇದೊಂದು ಗೊತ್ತಿಲ್ವಲ್ಲ!"

"ಲೇ, ಮೆಲ್ಲಗೆ," ಎಂದರು ಭಾವ. "ಜನ ನೋಡ್ತಾರೆ."

"ನೋಡ್ಲಿ ರೀ. ನಾನೇನು ಮಾಡ್ದೆ?"

ಅವಳು ಮಾಡುತ್ತಿದ್ದದ್ದು ಇಷ್ಟು: ಹುಬ್ಬು ಗಂಟಿಕ್ಕಿ, ಮೂಗು ಸುಕ್ಕುಗಟ್ಟಿಸಿ, ಹಲ್ಲು ಕಾಣುವಂತೆ ತುಟಿ ಎಳೆದಿದ್ದಳು. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿ ಮೊಮ್ಮಗನನ್ನು ಮೆಲ್ಲಗೆ ಆಚೆ ಎಳೆದುಕೊಂಡಳು.

"ಮರದ ಮನೆಗೆ ಹೋಗೋಣ," ಎಂದೆ. "ನಿನ್ನ ಜಾಗ. ಅಲ್ಲಿ ಕೂತು ಸಮಾಧಾನವಾಗಿ ತಿನ್ನೋಣ." ಹನ್ನೆರಡು ಐದು. ಮೇಲೆ ಕೂತರೆ ಎರಡು ಗಂಟೆ ಕಳೆಯಬಹುದು ಎಂದು ಲೆಕ್ಕ ಹಾಕಿದ್ದೆ.

ಮರದ ಮನೆಯ ಮರ ಸಿಮೆಂಟಿನದು. ಎಂಬತ್ತೆರಡು ಮೆಟ್ಟಿಲು; ತುದಿಯಲ್ಲಿ ಸುತ್ತ ಗಾಜಿಲ್ಲದ ಕಿಟಕಿಗಳು, ನಡುವೆ ಹನ್ನೆರಡು ಮೇಜು. ಊಟ ಸುಮಾರು. ನೂಡಲ್ಸು ಯಾವಾಗಲೂ ಅರ್ಧ ಬೆಂದಿರುತ್ತದೆ, ಕೆಳಗಿನ ಅಡುಗೆಮನೆಯಿಂದ ಮೇಲೆ ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ. ಆದರೂ ಅಕ್ಕ ಬೇರೆ ಜಾಗ ಆರಿಸಿದವಳಲ್ಲ. ಅಲ್ಲಿಂದ ಇಡೀ ಪಾರ್ಕು ಒಂದೇ ಸಲಕ್ಕೆ ಕಾಣುತ್ತದೆ. ಉಳಿದ ದಿನವೆಲ್ಲ ಅಂಗೈಯಷ್ಟು ಜಾಲರಿಯಲ್ಲಿ ತುಂಡು ತುಂಡಾಗಿ ನೋಡಿದ್ದನ್ನು ಅಲ್ಲಿ ಕೂತು ಜೋಡಿಸಿಕೊಳ್ಳುತ್ತಾಳೆ.

ಭಾವ ಮಗಳನ್ನು ಕರೆದುಕೊಂಡು ಕೈ ತೊಳೆಯಲು ಹೋದರು. ಅಕ್ಕ ನೀರು ಮಾತ್ರ ಹೇಳಿದಳು. ಕೂತಳು, ಎದ್ದಳು, ಪಕ್ಕದ ಕುರ್ಚಿಗೆ ಬದಲಾಯಿಸಿದಳು.

"ಒಳಗೆ ನಾನು ಬೈತಾ ಇರ್ತೀನಿ, ಗೊತ್ತಾ ನಿಂಗೆ?" ಎಂದಳು ಇದ್ದಕ್ಕಿದ್ದಂತೆ.

"ಯಾರನ್ನ?"

"ಎಲ್ಲಾರನ್ನೂ. ಕಾಲು ತುಳಿಯೋರನ್ನ, ಬಾಲ ಎಳೆಯೋರನ್ನ. ಬಾಯಿ ತುಂಬ ಬೈತೀನಿ, ಸದ್ದಿಲ್ದೆ. ಹಾಡ್ತೀನಿ. ಆಕಳಿಸ್ತೀನಿ, ಬಾಯಿಗೆ ಕೈ ಅಡ್ಡ ಇಡದೆ." ನೀರಿನ ಲೋಟವನ್ನು ಮೇಜಿನ ಮೇಲೆ ತಿರುಗಿಸಿದಳು. "ಅಪ್ಪ ಹೋದಾಗ ನಾನು ಅಳಲಿಲ್ಲ ಅಂತ ಚಿಕ್ಕಮ್ಮ ಎಲ್ಲಾರ ಹತ್ರ ಹೇಳ್ಕೊಂಡು ಬಂದ್ರಲ್ಲ?"

"ನೀನು ಅಳಲಿಲ್ಲ ನಿಜವಾಗ್ಲೂ. ನಾನೇ ನೋಡಿದ್ದೀನಿ."

"ನಾಲ್ಕನೇ ದಿನ ಕೆಲಸಕ್ಕೆ ಹೋದೆ ನೋಡು. ಆವತ್ತು ಆರು ಪಾಳಿ. ಆರೂ ಪಾಳಿ ಅತ್ತೆ ಕಣೋ. ಕುಣಿತಾನೇ ಇದ್ದೆ, ಅಳ್ತಾನೇ ಇದ್ದೆ. ಯಾರೂ 'ಸುಮ್ನಿರಮ್ಮ' ಅನ್ನಲಿಲ್ಲ. ಯಾರೋ ಒಂದು ಮಗು ಬಿಸ್ಕತ್ತು ತಿನ್ನಿಸೋಕೆ ಬಂತು, ಜಾಲರಿಗೆ ಒತ್ತಿಬಿಡ್ತು. ಅಳ್ತಾ ಅದನ್ನೇ ನೆಕ್ಕಿದೆ." ನಕ್ಕಳು. "ಅಷ್ಟು ಚೆನ್ನಾಗಿ ನಾನು ಎಲ್ಲೂ ಅತ್ತಿಲ್ಲ."

ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಗಡಿಯಾರ ನೋಡಿಕೊಂಡೆ.

"ಬೆಳಗಿಂದ ಹದಿನೈದನೇ ಸಲ," ಎಂದಳು. "ಏನೋ ಅದು?"

"ಸಂಜೆ ಪಾಳಿ ಇದೆ. ಅದಕ್ಕೆ."

"ಮನೆಯವರ ದಿನ ನಿಂಗ್ಯಾವ ಪಾಳಿ? ಚಿಕ್ಕೋನಿದ್ದಾಗಿಂದ ನಿಂಗೆ ಸುಳ್ಳು ಹೇಳೋಕೆ ಬರಲ್ಲ, ಕಿವಿ ಕೆಂಪಾಗುತ್ತೆ."

ಅಷ್ಟರಲ್ಲಿ ಕೈ ತೊಳೆದು ಬಂದ ವಕೀಲಮ್ಮ ಎಡಗಡೆಯ ಕಿಟಕಿಯಿಂದ ಕಿರುಚಿದಳು: "ಅಮ್ಮಾ! ಕರಡಿ ಬಿತ್ತು!"

ಅಕ್ಕ ತಿರುಗಿದಳು. ಪಾದದಿಂದ ಅಲ್ಲ, ಕೂತಲ್ಲಿಂದಲೇ, ಬರೀ ಕುತ್ತಿಗೆಯನ್ನು, ಗಕ್ಕನೆ. ಅರ್ಧಕ್ಕೆ ನಿಂತುಬಿಟ್ಟಿತು. ಬಾಯಿ ತೆರೆಯಿತು, ಕಣ್ಣು ಬಿಗಿದುಕೊಂಡವು, ಕೆನ್ನೆಯ ಸ್ನಾಯುಗಳೆಲ್ಲ ಎದ್ದು ನಿಂತವು, ಒಂದು ಸದ್ದೂ ಬರಲಿಲ್ಲ. ಹಾಗೇ ಒಂದೆರಡು ಗಳಿಗೆ. ಅವಳಿಗೆ ಆ ಮುಖ ನನಗೆ ಕಾಣುತ್ತಿದೆ ಎಂಬ ಕಲ್ಪನೆಯೂ ಇರಲಿಲ್ಲ. ಆಮೇಲೆ ಮೇಜನ್ನು ಹಿಡಿದುಕೊಂಡು ಮೈಯನ್ನು ಕುತ್ತಿಗೆಯ ಕಡೆಗೆ ತಂದಳು, ಎದ್ದಳು, ಕಿಟಕಿಗೆ ಹೋದಳು.

ಕೆಳಗೆ ಕರಡಿ ಬಿದ್ದಿರಲಿಲ್ಲ. ಮಕ್ಕಳ ಮುಂದೆ ಬಿದ್ದಂತೆ ನಟಿಸಿ ಎದ್ದು ಮೈ ಕೊಡವಿಕೊಳ್ಳುತ್ತಿತ್ತು.

"ಪರವಾಗಿಲ್ವೇ ಇವಳು," ಎಂದಳು ಅಕ್ಕ. ದನಿ ಎಂದಿನಂತೆಯೇ ಇತ್ತು.

ನನಗೆ ಬೇಕಾಗಿದ್ದ ಉತ್ತರ ಸಿಕ್ಕಿತ್ತು. ನೋವಿದೆ. ಡಾಕ್ಟರು ಬರೆದದ್ದು ಸರಿ, ನಾನು ಮಾಡಿದ್ದೂ ಸರಿ. ಸಮಾಧಾನವಾಗಬೇಕಿತ್ತು. ಬದಲಿಗೆ ಎಂಬತ್ತೆರಡು ಮೆಟ್ಟಿಲನ್ನೂ ಅವಳ ಮುಂದೆ ಮುಂದೆ, ತಿರುಗಿ ತಿರುಗಿ ಅವಳನ್ನು ನೋಡುತ್ತಲೇ ಇಳಿದೆ.

ಎರಡೂವರೆಗೇ ಗುಹೆಯ ಬಾಗಿಲಲ್ಲಿದ್ದೆವು. ಒಳಗೆ ತಂಪು, ಗೋಡೆಗೆ ಬಣ್ಣ ಬಳಿದ ಕಲ್ಲು, ಮೇಜಿನ ಮೇಲೆ ಲಾಂದ್ರದ ಆಕಾರದ ದೀಪ. ವಕೀಲಮ್ಮ ತನ್ನ ಮೇಜನ್ನು ತಾನೇ ಆರಿಸಿದಳು. ಕಂಬದ ಪಕ್ಕ, ಕರಡಿ ಎಲ್ಲಿಂದ ಬಂದರೂ ದಾಟಲೇಬೇಕಾದ ಜಾಗ. ನಮ್ಮೆಲ್ಲರಿಗೂ ಏನು ಬೇಕೆಂದು ಅವಳೇ ಹೇಳಿದಳು, ಅವಳ ಜಾಗವಾದ್ದರಿಂದ. ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ, ಜೋಳದ ಸೂಪು, ಕೊನೆಗೆ ಐಸ್‌ಕ್ರೀಮು.

"ಅಮ್ಮ, ಇಲ್ಲಿಂದ ನೀನು ಏಳಂಗಿಲ್ಲ. ಈಗ್ಲೇ ಹೇಳಿದ್ದೀನಿ."

"ಆಯ್ತು ತಾಯಿ, ಏಳಲ್ಲ."

ಏಳಲಿಲ್ಲ. ಆದರೆ ಮೇಜಿನಡಿಯಲ್ಲಿ ಅವಳ ಕಾಲು ಒಂದೇ ಸಮನೆ ಅಲುಗುತ್ತಿತ್ತು; ಲಾಂದ್ರ ಅದಕ್ಕೆ ತಕ್ಕಂತೆ ಕುಣಿಯುತ್ತಿತ್ತು. ಭಾವ ಒಂದು ಕೈಯಿಂದ ಅದನ್ನು ಹಿಡಿದುಕೊಂಡೇ ತಿಂದರು. "ಇಲ್ಲಿ ಮೇಜುಬಟ್ಟೆ ಹಾಕಲ್ಲ," ಎಂದರು ಸುಮ್ಮನೆ, ದೂರಿನಂತಲ್ಲದೆ.

ಮೂರಕ್ಕೆ ಗಂಟೆ ಹೊಡೆಯಿತು. ಕರಡಿ ಬಂತು. ಮೇಜು ಮೇಜಿಗೂ ಹೋಗಿ, ಮಣಿಕಟ್ಟಿನಿಂದ ಕೈ ಬೀಸುತ್ತ, ನಮ್ಮ ಹತ್ತಿರ ಬಂತು. ಜಾಲರಿಯ ಹಿಂದಿನವಳಿಗೆ ಅಕ್ಕನ ಗುರುತು ಸಿಕ್ಕಿರಬೇಕು. ಒಂದು ಗಳಿಗೆ ನಿಂತಳು, ಏನು ಮಾಡಬೇಕೆಂದು ತೋಚದವಳ ಹಾಗೆ.

ಅಕ್ಕ ಕೂತಲ್ಲಿಂದಲೇ ಬಲಗೈಯನ್ನು ಭುಜದಿಂದ ಎತ್ತಿದಳು, ನಿಧಾನವಾಗಿ, ಕೊಡ ತುಂಬ ನೀರು ಎತ್ತಿದ ಹಾಗೆ. ಕರಡಿ ನೋಡಿತು. ತನ್ನ ಕೈಯನ್ನೂ ಹಾಗೇ ಎತ್ತಿತು. ಅಕ್ಕ ಎರಡೂ ಕೈಯಿಂದ ಹೊಟ್ಟೆ ಮುಟ್ಟಿಕೊಂಡು, ಇದು ಯಾವಾಗ ಇಲ್ಲಿಗೆ ಬಂತು ಎಂಬಂತೆ ಬಗ್ಗಿ ನೋಡಿದಳು. ಕರಡಿ ಮುಟ್ಟಿಕೊಂಡಿತು, ಬಗ್ಗಿತು. ಪಕ್ಕದ ಮೇಜಿನ ಮಕ್ಕಳು ಕಿಲಕಿಲ ಎಂದರು. ಅಕ್ಕ ಕೆನ್ನೆಗೆ ಅಂಗೈ ಇಟ್ಟಳು. ಕರಡಿಯೂ ಇಟ್ಟಿತು. ಅಕ್ಕನ ಮುಖದಲ್ಲಿ ಆಶ್ಚರ್ಯ, ನಾಚಿಕೆ, ಹೊಟ್ಟೆಬಾಕತನ, ಎಲ್ಲ ಒಂದರ ಹಿಂದೊಂದು ಬಂದುಹೋಗುತ್ತಿದ್ದವು, ಕರಡಿಯ ಮುಖದಲ್ಲಿ ಹೊಲಿದ ನಗು ಹಾಗೇ ಇತ್ತು. ಮಕ್ಕಳು ಯಾರನ್ನು ನೋಡಬೇಕೆಂದು ತಿಳಿಯದೆ ಇಬ್ಬರನ್ನೂ ನೋಡಿ ಚಪ್ಪಾಳೆ ತಟ್ಟಿದರು. ವಕೀಲಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಗುಟ್ಟು ಎಲ್ಲಿ ಹೊರಗೆ ಜಿಗಿಯುತ್ತದೋ ಎಂದು.

ಕೊನೆಗೆ ಕರಡಿ ವಕೀಲಮ್ಮನನ್ನು ತಬ್ಬಿಕೊಂಡಿತು. ಅವಳು ಬಿಡುವವರೆಗೂ ಬಿಡಲಿಲ್ಲ.

"ಕಲಿತಾಳೆ," ಎಂದಳು ಅಕ್ಕ, ಕರಡಿ ಆಚೆ ಹೋದ ಮೇಲೆ. ಹಣೆಯಲ್ಲಿ ಬೆವರಿತ್ತು.

"ಅದ್ಭುತ! ಅದ್ಭುತ!" ಎನ್ನುತ್ತ ಕಂಬದ ಹಿಂದಿನಿಂದ ಸ್ಟಾಪ್‌ವಾಚ್ ಬಂದರು. ಕತ್ತಿನಲ್ಲಿ ಗಡಿಯಾರ, ಕಂಕುಳಲ್ಲಿ ಹಸಿರು ಫೈಲು. ಕುರ್ಚಿ ಎಳೆದುಕೊಂಡು ಕೂತರು. "ನಾನು ಹೇಳ್ಬೇಕು ಅಂತಿದ್ದಿದ್ದನ್ನ ನೀವೇ ಮಾಡಿ ತೋರಿಸಿಬಿಟ್ರಿ. ನೋಡಿ ಅಮ್ಮ, ನಿಮಗೋಸ್ಕರಾನೇ ಒಂದು ಹೊಸ ಜಾಗ ಮಾಡಿದ್ದೀವಿ. ತರಬೇತಿ. ಹೊಸಬರೆಲ್ಲ ನಿಮ್ಮ ಹತ್ರಾನೇ ಕಲೀಬೇಕು. ಕನ್ನಡಿ ಇರೋ ಕೋಣೆ, ಕೂರೋಕೆ ಒಳ್ಳೆ ಕುರ್ಚಿ. ಬೆಳಿಗ್ಗೆ ಒಂಬತ್ತಕ್ಕೆ ಬಂದ್ರೆ ಸಂಜೆ ಐದಕ್ಕೆ ಮನೆ. ಎದೆ ಮೇಲೆ ನಿಮ್ಮ ಹೆಸರು."

ಫೈಲು ತೆರೆದು ಅಕ್ಕನ ಕಡೆ ತಿರುಗಿಸಿದರು. ಕಾಗದದ ಮೇಲೆ ಅವಳ ಹೆಸರು ಬರೆದಿತ್ತು.

"ಅಯ್ಯೋ, ಇಷ್ಟು ಒಳ್ಳೆ ಸುದ್ದಿನ ಆಲೂಗಡ್ಡೆ ಮಧ್ಯೆ ಹೇಳ್ತೀರಲ್ಲ ಸರ್!" ಎಂದರು ಭಾವ. ಲಾಂದ್ರ ಬಿಟ್ಟು ಎರಡೂ ಕೈ ಜೋಡಿಸಿದರು. "ನೋಡೇ, ಕೇಳಿಸ್ಕೊಂಡ್ಯಾ?"

"ಥ್ಯಾಂಕ್ಸ್ ನಂಗಲ್ಲ, ಇವರಿಗೆ ಹೇಳಿ," ಎಂದು ಸ್ಟಾಪ್‌ವಾಚ್ ನನ್ನ ಕಡೆ ತೋರಿಸಿದರು. "ನಿಮ್ಮ ತಮ್ಮಂದೇ ಯೋಚನೆ. ಎರಡು ವಾರ ನನ್ನ ಬೆನ್ನು ಬಿಡಲಿಲ್ಲ."

ಅಕ್ಕ ಎದೆಯಿಂದ, ಸೊಂಟದಿಂದ, ನಿಧಾನವಾಗಿ ನನ್ನ ಕಡೆ ತಿರುಗಿದಳು. ಮುಖದಲ್ಲಿ ಏನೂ ಇರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಮುಖದಲ್ಲಿ ಏನೂ ಇಲ್ಲದ್ದನ್ನು ಮೊದಲ ಸಲ ನೋಡಿದೆ.

"ನಿಂಗೆ ಗೊತ್ತಿತ್ತು," ಎಂದಳು. "ಮೇಲೆ ಅಷ್ಟೆಲ್ಲ ಹೇಳಿದಾಗ್ಲೂ ಗೊತ್ತಿತ್ತು."

"ಅಕ್ಕ, ನಿನ್ನ ಕುತ್ತಿಗೆ. ನಾನು ನೋಡ್ದೆ ಅಲ್ಲಿ. ಎಷ್ಟು ನೋಯುತ್ತೆ ಅಂತ ನೋಡ್ದೆ."

"ಏನು ನೋಡ್ದೆ?"

"ನಿನ್ನ ಮುಖ."

ಅವಳು ಕೈಯೆತ್ತಿ ತನ್ನ ಕೆನ್ನೆ ಮುಟ್ಟಿಕೊಂಡಳು, ಅಲ್ಲಿ ಏನೋ ಅಂಟಿದೆಯೇನೋ ಎಂಬಂತೆ. ಆಮೇಲೆ ಮೇಲ್ವಿಚಾರಕರ ಕಡೆ ತಿರುಗಿದಳು.

"ಸರ್, ಕರಡಿ?"

"ಕರಡಿ ಆಗಲ್ಲಮ್ಮ." ಅವರು ದನಿ ತಗ್ಗಿಸಿದರು. "ಡಾಕ್ಟರ ಕಾಗದ ಇದೆ. ನಾನು ಕಣ್ಣು ಮುಚ್ಚಿ ಬಿಟ್ಟು, ನಾಳೆ ಏನಾದ್ರೂ ಆದ್ರೆ? ಆ ಬಾಗಿಲು ಮುಚ್ಚಿದೆ. ಅದಕ್ಕೇ ಇದು ಬಿಟ್ರೆ ನನ್ನ ಹತ್ರ ಬೇರೆ ಜಾಗ ಇಲ್ಲ. ಕೌಂಟರ್ ವಿಷಯ ನಿಮಗೇ ಗೊತ್ತು."

"ಒಂದೇ ಪಾಳಿ? ದಿನಕ್ಕೆ ಒಂದು?"

"ಒಂದೂ ಆಗಲ್ಲ."

"ಹಗುರದ ತಲೆ ಮಾಡ್ಸಿದ್ರೆ?"

"ಇಲ್ಲಮ್ಮ."

ಪರಿಚಾರಕಿ ಐಸ್‌ಕ್ರೀಮು ತಂದಿಟ್ಟಳು, ನಾಲ್ಕು ಬಟ್ಟಲು. ಯಾರೂ ಮುಟ್ಟಲಿಲ್ಲ. ವಕೀಲಮ್ಮ ಒಮ್ಮೆ ಅಮ್ಮನನ್ನು, ಒಮ್ಮೆ ಫೈಲನ್ನು ನೋಡುತ್ತಿದ್ದಳು. ಯಾರ ಪರ ಮಾತಾಡಬೇಕೆಂದು ಅವಳಿಗೂ ಹೊಳೆದಂತಿರಲಿಲ್ಲ.

"ಕನ್ನಡಿ ಎಷ್ಟು ದೊಡ್ಡದು?" ಎಂದು ಅಕ್ಕ ಕೇಳಿದಳು.

"ಗೋಡೆ ತುಂಬ," ಎಂದರು ಸ್ಟಾಪ್‌ವಾಚ್, ಹುಮ್ಮಸ್ಸಿನಿಂದ. "ಮೂರು ಗೋಡೆಗೂ. ನೀವು ಮಾಡಿ ತೋರಿಸಿದ್ದು ಎಲ್ಲಾರಿಗೂ ಎಲ್ಲಾ ಕಡೆಯಿಂದ್ಲೂ ಕಾಣ್ಬೇಕಲ್ಲ?"

ಅವಳ ಕೈ ಮತ್ತೆ ತನ್ನ ಕೆನ್ನೆಗೆ ಹೋಯಿತು.

"ಅಕ್ಕ," ಎಂದೆ, "ಸುಮ್ನೆ ಒಂದು ತಿಂಗಳು ಮಾಡಿ ನೋಡು. ಮನೇಲಿ ಗೋಡೆ ಗೋಡೆ ಸುತ್ತೋದು ತಪ್ಪುತ್ತೆ."

"ಹೌದು ಕಣೇ," ಎಂದರು ಭಾವ. "ನಿಂಗಿಂತ ಚೆನ್ನಾಗಿ ಕಲಿಸೋರು ಯಾರಿದ್ದಾರೆ? ಈಗ ನೋಡಿದ್ವಲ್ಲ ಎಲ್ಲಾರೂ."

"ನೋಡಿದ್ರಿ," ಎಂದಳು ಅಕ್ಕ.

"ಈಗ್ಲೇ ಹೇಳ್ಬೇಕು ಅಂತಿಲ್ಲ," ಎಂದು ಸ್ಟಾಪ್‌ವಾಚ್ ಜೇಬಿನಿಂದ ಪೆನ್ನು ತೆಗೆದು ಫೈಲಿನ ಮೇಲಿಟ್ಟರು, ಅವಳ ಕೈಗೆ ಸಿಗುವ ಹಾಗೆ. "ನಾಳೆವರೆಗೂ ಯೋಚನೆ ಮಾಡಿ. ಬೇಕಾದ್ರೆ ವಾರ ತಗೊಳ್ಳಿ. ಜಾಗ ನಿಮಗೇ ಇಟ್ಟಿರ್ತೀನಿ."

ಅಕ್ಕ ಫೈಲು ಮುಚ್ಚಿದಳು, ಪೆನ್ನು ಒಳಗಿದ್ದ ಹಾಗೇ, ಮತ್ತು ಎರಡೂ ಕೈಯಿಂದ ಅದನ್ನು ಅವರ ಕಡೆಗೆ ತಳ್ಳಿದಳು.

"ಬೇಡ ಸರ್," ಎಂದಳು. "ನನಗೆ ಬೇಡ."